ಎತ್ತ ತಿರುಗಿ ನಿಲ್ಲುವುದು, ಯಾರನ್ನು ಕೇಳುವುದು



ವರ್ಷದ ಲೆಕ್ಕಪತ್ರದ ಜೊತೆಗೆ ಒಂದು ಅಧ್ಯಯನ ಲೇಖನ ಕೊಡುವುದು ನಮ್ಮ ವಾರ್ಷಿಕ ವರದಿಯ ರೂಢಿ. ಈ ಸಲದ ವಿಷಯವನ್ನು ಸಮಿತಿ ಆರಿಸಲಿಲ್ಲ. ಸಂದರ್ಶನಕ್ಕೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಅದನ್ನು ನಮ್ಮ ಕೈಗಿತ್ತಳು.

ಆಕೆ ಯಾದಗಿರಿ ಕಡೆಯವಳು. ನರ್ಸಿಂಗ್ ಓದಲು ಮಂಗಳೂರಿಗೆ ಬಂದು ಹಾಸ್ಟೆಲ್ ಸೇರಿದ್ದಾಳೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ ಎಲ್ಲ ನೋಡಿ ಮುಗಿದ ಮೇಲೆ, "ನಿನಗೇನಾದರೂ ಕೇಳುವುದಿದೆಯೇನಮ್ಮಾ?" ಎಂದು ಎಲ್ಲರಿಗೂ ಕೇಳುವಂತೆ ಅವಳಿಗೂ ಕೇಳಿದೆವು. ಸಾಮಾನ್ಯವಾಗಿ ಮಕ್ಕಳು ಹಣ ಯಾವಾಗ ಖಾತೆಗೆ ಬರುತ್ತದೆ ಎಂದು ಕೇಳುತ್ತಾರೆ. ಈಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಒಂದು ವಾರದಿಂದ ನಾನು ನಮಾಝ್ ಬಿಟ್ಟಿದ್ದೇನೆ" ಎಂದಳು.

ನಡೆದದ್ದು ಇಷ್ಟು. ಕೋಣೆಯಲ್ಲಿ ಮೂವರು ಹುಡುಗಿಯರು. ಈಕೆ ಬಂದ ಮೊದಲ ದಿನವೇ ಸೂರ್ಯ ಮುಳುಗುವ ಕಡೆ ನೋಡಿಕೊಂಡು, ಪಶ್ಚಿಮದ ಗೋಡೆಗೆ ಮುಖ ಮಾಡಿ ನಮಾಝ್ ಮಾಡುತ್ತಿದ್ದಳು. ಊರಿನಲ್ಲಿ ಚಿಕ್ಕಂದಿನಿಂದ ಕಲಿತದ್ದು ಅದೇ. ಎರಡು ತಿಂಗಳ ನಂತರ ಕರಾವಳಿಯವಳೇ ಆದ ಜೊತೆಗಾತಿ ಮೊಬೈಲಿನ ಕಿಬ್ಲಾ ಆ್ಯಪ್ ತೆರೆದು ತೋರಿಸಿದಳು: ದಿಕ್ಕು ಗೋಡೆಯ ಕಡೆಗಿಲ್ಲ, ಬಲಗಡೆಯ ಮೂಲೆಯ ಕಡೆಗಿದೆ. ಇನ್ನೊಬ್ಬಳ ಮೊಬೈಲು ಮತ್ತೊಂದು ಕಡೆ ತೋರಿಸಿತು. ಈಕೆಯದು ಮೂರನೆಯ ಕಡೆ. ವಾಟ್ಸ್‌ಆ್ಯಪಿನಲ್ಲಿ ಯಾರದೋ ಒಂದು ಸಂದೇಶ, ತಪ್ಪು ದಿಕ್ಕಿಗೆ ಮಾಡಿದ ನಮಾಝೆಲ್ಲ ಬಾತಿಲ್, ಪ್ರತಿಯೊಂದನ್ನೂ ಮರಳಿ ಮಾಡಲೇಬೇಕು ಎಂದಿತು. ಎರಡು ತಿಂಗಳೆಂದರೆ ದಿನಕ್ಕೆ ಐದರಂತೆ ಮುನ್ನೂರು ನಮಾಝ್. ಒಂದು ಕಡೆ ಪರೀಕ್ಷೆ, ಇನ್ನೊಂದು ಕಡೆ ಆಸ್ಪತ್ರೆಯ ರಾತ್ರಿ ಪಾಳಿ. "ತಪ್ಪು ಕಡೆ ನಿಲ್ಲುವುದಕ್ಕಿಂತ, ಸರಿ ಯಾವುದೆಂದು ಗೊತ್ತಾಗುವವರೆಗೆ ನಿಲ್ಲದೇ ಇರೋಣ ಅಂದುಕೊಂಡೆ" ಎಂದಳು. ಅಬ್ಬಾ ಫೋನಿನಲ್ಲಿ "ಹಜ್ರತ್‌ರನ್ನು ಕೇಳಿ ಹೇಳ್ತೀನಿ ಬೇಟಾ" ಎಂದಿದ್ದರಂತೆ. ಅವರು ಲಾರಿಯ ಮೇಲೆ ಹೋದವರು ಇನ್ನೂ ಊರಿಗೆ ಮರಳಿರಲಿಲ್ಲ.

ಇದು ಒಬ್ಬಳ ಪ್ರಶ್ನೆಯಲ್ಲ. ಮನೆ ಬಿಟ್ಟು ಓದಲು ಹೋದ ಮಕ್ಕಳೆಲ್ಲರ ಪ್ರಶ್ನೆ. ಇದರೊಳಗೆ ಎರಡು ಪ್ರಶ್ನೆಗಳಿವೆ. ನಮಾಝಿಗೆ ಎತ್ತ ತಿರುಗಬೇಕು ಎಂಬುದು ಮೊದಲನೆಯದು. ಗೊತ್ತಿಲ್ಲದಾಗ ಯಾರ ಕಡೆ ತಿರುಗಬೇಕು ಎಂಬುದು ಎರಡನೆಯದು. ಎರಡಕ್ಕೂ ನಮ್ಮ ಪೂರ್ವಿಕ ವಿದ್ವಾಂಸರು ಬಹಳ ಯೋಚಿಸಿ ಉತ್ತರ ಬರೆದಿಟ್ಟಿದ್ದಾರೆ. ಆ ಉತ್ತರಗಳು ವಾಟ್ಸ್‌ಆ್ಯಪಿನ ಸಂದೇಶಕ್ಕಿಂತ ಬಹಳ ಮೃದುವಾಗಿವೆ, ಬಹಳ ನಿಖರವಾಗಿಯೂ ಇವೆ.

ಕಿಬ್ಲಾ ಬದಲಾದ ದಿನ

ಮದೀನಾಕ್ಕೆ ಹಿಜ್‌ರತ್ ಮಾಡಿದ ನಂತರ ಹದಿನಾರು ಅಥವಾ ಹದಿನೇಳು ತಿಂಗಳ ಕಾಲ ಪ್ರವಾದಿ ಮುಹಮ್ಮದ್(ಸ)ರು ಮತ್ತು ಅವರ ಸಂಗಾತಿಗಳು ಬೈತುಲ್ ಮುಕದ್ದಸ್, ಅಂದರೆ ಜೆರುಸಲೇಮಿನ ಕಡೆಗೆ ತಿರುಗಿ ನಮಾಝ್ ಮಾಡುತ್ತಿದ್ದರು. ಕ್ರಿ.ಶ. 624ರಲ್ಲಿ ಮಕ್ಕಾದ ಕಅಬಾದ ಕಡೆಗೆ ತಿರುಗುವ ಆಜ್ಞೆ ಬಂತು. ಸೂರಃ ಅಲ್ ಬಕರದ 144ನೇ ವಚನದಲ್ಲಿ ಅದಿದೆ. ಮದೀನಾದಲ್ಲಿ ನಿಂತವರಿಗೆ ಇದು ಸಣ್ಣ ಬದಲಾವಣೆಯಲ್ಲ. ಅಲ್ಲಿಂದ ಜೆರುಸಲೇಮ್ ಉತ್ತರದ ಕಡೆಗೆ, ಮಕ್ಕಾ ದಕ್ಷಿಣಕ್ಕೆ. ಮುಖ ಇದ್ದ ಕಡೆ ಬೆನ್ನು ಬರಬೇಕು.

ಕುಬಾ ಎಂಬ ಊರಿನ ಮಸೀದಿಯ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಅಲ್ಲಿನವರು ಮುಂಜಾನೆಯ ಫಜ್ರ್ ನಮಾಝಿನಲ್ಲಿದ್ದಾಗ ಒಬ್ಬ ವ್ಯಕ್ತಿ ಬಂದು ಕಿಬ್ಲಾ ಬದಲಾದ ಸುದ್ದಿ ಹೇಳಿದರು. ಇದ್ದವರು ನಮಾಝ್ ಮುರಿಯಲಿಲ್ಲ, ಮೊದಲಿನಿಂದ ಆರಂಭಿಸಲಿಲ್ಲ, ನಿಂತಲ್ಲಿಂದಲೇ ಕಅಬಾದ ಕಡೆಗೆ ತಿರುಗಿಬಿಟ್ಟರು. ಇಂಥದೇ ಇನ್ನೊಂದು ವರದಿಯಲ್ಲಿ ಮಹಿಳೆಯರ ಸಾಲು ಪುರುಷರ ಜಾಗಕ್ಕೂ ಪುರುಷರ ಸಾಲು ಮಹಿಳೆಯರ ಜಾಗಕ್ಕೂ ಸರಿಯಿತು ಎಂದಿದೆ. ಆ ಮಸೀದಿಯಲ್ಲಿ ಮಹಿಳೆಯರೂ ಇದ್ದರು ಎಂಬುದನ್ನು ಓದುಗರು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಈ ಪ್ರಸಂಗದಿಂದ ವಿದ್ವಾಂಸರು ಎರಡು ಪಾಠ ಹೆಕ್ಕಿದ್ದಾರೆ. ನಂಬಿಕಸ್ಥನಾದ ಒಬ್ಬನೇ ವ್ಯಕ್ತಿ ತಂದ ಸುದ್ದಿಯನ್ನು ಧಾರ್ಮಿಕ ವಿಷಯದಲ್ಲಿ ಒಪ್ಪಬಹುದು ಎಂಬುದು ಒಂದು. ಸರಿಯಾದ ಮಾಹಿತಿ ತಲುಪುವ ಮೊದಲು ಮಾಡಿದ ಆರಾಧನೆ ಹಾಳಾಗುವುದಿಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಕುರ್‌ಆನಿನ ಆಧಾರವೇ ಇದೆ. ಕಿಬ್ಲಾ ಬದಲಾದಾಗ ಕೆಲವು ಸಹಾಬಿಗಳಿಗೆ ಸಂಕಟವಾಯಿತು: ಹಳೆಯ ದಿಕ್ಕಿಗೆ ನಮಾಝ್ ಮಾಡುತ್ತಲೇ ತೀರಿಕೊಂಡ ನಮ್ಮ ಸೋದರರ ಗತಿಯೇನು? ಅದೇ ಸೂರಃದ 143ನೇ ವಚನ ಅವರಿಗೆ ಸಮಾಧಾನ ಹೇಳಿತು. ಅಲ್ಲಾಹನು ಅವರ ವಿಶ್ವಾಸವನ್ನು ವ್ಯರ್ಥಗೊಳಿಸುವವನಲ್ಲ ಎಂಬುದು ಅದರ ತಾತ್ಪರ್ಯ. ಯಾದಗಿರಿಯ ಹುಡುಗಿಗೆ ನಾವು ಮೊದಲು ಹೇಳಿದ್ದು ಇದನ್ನೇ. ಅವಳ ಭಯ ಹೊಸದಲ್ಲ. ಪ್ರವಾದಿ(ಸ)ರ ಸಂಗಾತಿಗಳಿಗೂ ಅದೇ ಭಯವಿತ್ತು, ಅದಕ್ಕೆ ಉತ್ತರವೂ ಬಂದಿತ್ತು.

ಕಅಬಾದ ದಿಕ್ಕೋ, ಕಅಬಾವೋ

ಕಅಬಾದ ಎದುರು ನಿಂತವನು ಅದನ್ನೇ ನೋಡಿ ನಿಲ್ಲಬೇಕು, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಾವಿರಾರು ಮೈಲಿ ದೂರದಲ್ಲಿರುವವನು ಏನು ಮಾಡಬೇಕು ಎಂಬಲ್ಲಿ ಮದ್‌ಹಬ್‌ಗಳು ಬೇರೆಯಾಗುತ್ತವೆ.

ಹನಫೀ ವಿದ್ವಾಂಸರು ದೂರದವರಿಗೆ ಕಅಬಾ ಇರುವ ದಿಕ್ಕು ಸಾಕು ಎನ್ನುತ್ತಾರೆ. ಪೂರ್ವ ಮತ್ತು ಪಶ್ಚಿಮದ ನಡುವೆ ಇರುವುದೆಲ್ಲ ಕಿಬ್ಲಾ ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಅದು ಮದೀನಾದವರಿಗೆ ಹೇಳಿದ್ದು, ಅವರಿಗೆ ಮಕ್ಕಾ ದಕ್ಷಿಣಕ್ಕಿತ್ತು. ಅದರ ಭಾವವನ್ನು ಹಿಡಿದು, ನಿಜವಾದ ದಿಕ್ಕಿನಿಂದ ಎಡಕ್ಕೋ ಬಲಕ್ಕೋ 45 ಡಿಗ್ರಿಯೊಳಗೆ ವಾಲಿದ್ದರೆ ನಮಾಝ್ ಸಿಂಧು ಎಂದು ಹನಫೀ ಮುಫ್ತಿಗಳು ಹೇಳುತ್ತ ಬಂದಿದ್ದಾರೆ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ ಇದಕ್ಕಿಂತ ಬಿಗಿ. ದೂರದಲ್ಲಿದ್ದವನೂ ಬಲವಾದ ಅಂದಾಜಿನ ಮೇಲೆ ಕಅಬಾದ ಕಡೆಗೇ ನಿಲ್ಲಲು ಪ್ರಯತ್ನಿಸಬೇಕು, ಬರೀ 'ಆ ಕಡೆ' ಎಂದರೆ ಸಾಲದು.

ಈಗ ಕೋಣೆಯ ಜಗಳ ಅರ್ಥವಾಗುತ್ತದೆ. ನಮ್ಮ ರಾಜ್ಯದ ಒಳನಾಡಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫೀಗಳು. ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿಈಗಳು. ಯಾದಗಿರಿಯ ಹುಡುಗಿ ತನ್ನ ಊರಿನ ಪಾಠದಂತೆ ನಿಂತಿದ್ದಳು, ಕರಾವಳಿಯ ಹುಡುಗಿ ತನ್ನ ಮದ್ರಸದ ಉಸ್ತಾದರು ಕಲಿಸಿದ್ದನ್ನು ಹೇಳಿದಳು. ಇಬ್ಬರೂ ತಮ್ಮ ತಮ್ಮ ಪಾಠದಲ್ಲಿ ತಪ್ಪಿರಲಿಲ್ಲ. ಒಬ್ಬಳ ಪಾಠವನ್ನು ಇನ್ನೊಬ್ಬಳ ಮೇಲೆ ತೀರ್ಪಿನಂತೆ ಹೇರಿದ್ದೇ ತೊಂದರೆಗೆ ಕಾರಣವಾಯಿತು. ಆ ತೀರ್ಪನ್ನು ಕೊಟ್ಟದ್ದು ಆ ಹುಡುಗಿಯೂ ಅಲ್ಲ, ಹೆಸರಿಲ್ಲದ ಒಂದು ಸಂದೇಶ.

ದಿಕ್ಕು ತಿಳಿಯದೇ ಹೋದರೆ? ಕತ್ತಲ ರಾತ್ರಿಯ ಪ್ರಯಾಣದಲ್ಲಿ ಸಹಾಬಿಗಳು ತಮತಮಗೆ ತೋಚಿದ ಕಡೆಗೆ ತಿರುಗಿ ನಮಾಝ್ ಮಾಡಿದ, ಬೆಳಗಾದಾಗ ತಪ್ಪು ತಿಳಿದ ಒಂದು ವರದಿ ಇದೆ. ಅದರ ಸನದು ದುರ್ಬಲ ಎಂದು ಹದೀಸ್ ವಿದ್ವಾಂಸರು ಹೇಳಿದ್ದರೂ ಅದರ ತಿರುಳನ್ನು ಫಿಕ್ಹ್ ಗ್ರಂಥಗಳು ಕೈಬಿಟ್ಟಿಲ್ಲ. ಕೇಳಲು ಯಾರೂ ಇಲ್ಲದವನು ಸೂರ್ಯ, ನಕ್ಷತ್ರ, ಗಾಳಿ ಮುಂತಾದ ಗುರುತುಗಳನ್ನು ನೋಡಿ, ಮನಸ್ಸು ಒಪ್ಪುವ ಕಡೆಗೆ ನಿಂತು ನಮಾಝ್ ಮಾಡಬೇಕು. ಹೀಗೆ ಶ್ರಮಪಟ್ಟು ನಿಂತವನಿಗೆ ಆಮೇಲೆ ತಪ್ಪೆಂದು ತಿಳಿದರೂ ಹನಫೀಗಳ ಪ್ರಕಾರ ಮರಳಿ ಮಾಡಬೇಕಿಲ್ಲ. ಶಾಫಿಈಗಳಲ್ಲಿ, ತಪ್ಪು ಖಚಿತವಾದರೆ ಮರಳಿ ಮಾಡಬೇಕೆಂಬುದು ಪ್ರಬಲ ಅಭಿಪ್ರಾಯ. ಆದರೆ ಯಾವುದೇ ಮದ್‌ಹಬ್, ದಿಕ್ಕು ಖಚಿತವಾಗುವವರೆಗೆ ನಮಾಝನ್ನೇ ಬಿಟ್ಟುಬಿಡು ಎಂದು ಹೇಳಿಲ್ಲ.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಕೇಳಲು ಜನರಿದ್ದೂ ಕೇಳದೆ, ತನ್ನ ಊಹೆಯ ಮೇಲೆ ನಿಂತು ತಪ್ಪಿದವನ ನಮಾಝನ್ನು ಹನಫೀ ಗ್ರಂಥಗಳು ಕ್ಷಮಿಸುವುದಿಲ್ಲ. ಊರಿನಲ್ಲಿ ಮಸೀದಿಯಿದ್ದರೆ ಅದರ ಮಿಹ್ರಾಬೇ ಸಾಕ್ಷಿ. ತಲೆಮಾರುಗಳಿಂದ ಮುಸ್ಲಿಮರು ಒಪ್ಪಿ ನಿಂತ ಮಿಹ್ರಾಬಿನ ದಿಕ್ಕನ್ನೇ ತಳ್ಳಿಹಾಕಿ ಸ್ವಂತ ಅಂದಾಜು ಮಾಡಲು ಶಾಫಿಈ ಗ್ರಂಥಗಳೂ ಬಿಡುವುದಿಲ್ಲ, ಸ್ವಲ್ಪ ಎಡಬಲ ಸರಿಪಡಿಸಿಕೊಳ್ಳಲು ಮಾತ್ರ ಅವಕಾಶ ಕೊಡುತ್ತವೆ. ಅಂದರೆ ಮೊಬೈಲ್ ತೆರೆಯುವ ಮೊದಲು ಹಾಸ್ಟೆಲಿಗೆ ಹತ್ತಿರದ ಮಸೀದಿ ಯಾವ ಕಡೆಗೆ ನಿಂತಿದೆ ಎಂದು ನೋಡಿದ್ದರೆ ಈ ಮೂವರ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತಿತ್ತು.

ಇದನ್ನು ಬರೆಯುವಾಗ ಕೆಲವು ಊರುಗಳ ಜಮಾಅತ್‌ಗಳೂ ಕಣ್ಣ ಮುಂದೆ ಬರುತ್ತವೆ. ಹಳೆಯ ಮಸೀದಿ ನೇರ ಪಶ್ಚಿಮಕ್ಕಿದೆ, ಯಾರೋ ಯುವಕ ಆ್ಯಪ್ ಹಿಡಿದು ಬಂದು ಇಷ್ಟು ಕಾಲದ ನಮಾಝೆಲ್ಲ ಹೋಯಿತೆನ್ನುತ್ತಾನೆ, ಹಿರಿಯರು ಕೆರಳುತ್ತಾರೆ, ಸಫ್‌ನ ಗೆರೆ ಓರೆಯಾಗಿ ಎಳೆಯಬೇಕೆಂದು ಒಂದು ಗುಂಪು, ಬೇಡವೆಂದು ಇನ್ನೊಂದು. ಸ್ಪೇನಿನ ಕೊರ್ದೋಬಾದ ಮಹಾ ಮಸೀದಿ ಮಕ್ಕಾ ಇರುವ ಕಡೆಗಿಂತ ಬಹಳ ದಕ್ಷಿಣಕ್ಕೆ ವಾಲಿ ನಿಂತಿತ್ತು. ಅಲ್ಲಿ ಶತಮಾನಗಳ ಕಾಲ ಘನ ವಿದ್ವಾಂಸರು ನಮಾಝ್ ಮಾಡಿದರು. ಆ ದಿಕ್ಕಿನ ಬಗ್ಗೆ ಚರ್ಚೆ ನಡೆದಿತ್ತು, ಗೋಡೆ ಮಾತ್ರ ಒಡೆಯಲಿಲ್ಲ.

ಪಶ್ಚಿಮದಿಂದ ಎಷ್ಟು ಬಲಕ್ಕೆ

ನಮ್ಮಲ್ಲಿ ಕಿಬ್ಲಾ ಎಂದರೆ ಪಶ್ಚಿಮ ಎಂಬ ಮಾತು ರೂಢಿ. ಸರಿಯಾದ ಲೆಕ್ಕ ಹಾಗಿಲ್ಲ. ಮಕ್ಕಾ ಸುಮಾರು 21.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಂಗಳೂರು, ಬೆಂಗಳೂರು 13ರ ಆಸುಪಾಸಿನಲ್ಲಿವೆ. ನಾವು ಮಕ್ಕಾಕ್ಕಿಂತ ದಕ್ಷಿಣದಲ್ಲಿರುವುದರಿಂದ ನಮ್ಮ ಕಿಬ್ಲಾ ಪಶ್ಚಿಮದಿಂದ ಉತ್ತರದ ಕಡೆಗೆ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ನಿಂತವರ ಬಲಕ್ಕೆ, ವಾಲುತ್ತದೆ. ಲೆಕ್ಕ ಹಾಕಿದರೆ ಮಂಗಳೂರಿನಲ್ಲಿ ಸುಮಾರು 19 ಡಿಗ್ರಿ, ಬೆಂಗಳೂರಿನಲ್ಲಿ ಸುಮಾರು ಹದಿನೆಂಟೂವರೆ, ಹುಬ್ಬಳ್ಳಿಯಲ್ಲಿ 16, ಕಲಬುರಗಿಯಲ್ಲಿ 13, ಬೀದರಿನಲ್ಲಿ 12. ಉತ್ತರಕ್ಕೆ ಹೋದಂತೆ ವಾಲು ಕಡಿಮೆ. ಕೈಯನ್ನು ಮುಂದಕ್ಕೆ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಹಾಗಾಗಿ ಮಂಗಳೂರಿನವರು ನೇರ ಪಶ್ಚಿಮದಿಂದ ಎರಡು ಮುಷ್ಟಿ ಬಲಕ್ಕೆ, ಕಲಬುರಗಿಯವರು ಒಂದು ಮುಷ್ಟಿಗಿಂತ ತುಸು ಹೆಚ್ಚು ಬಲಕ್ಕೆ ತಿರುಗಬೇಕು.

ಹುಡುಗಿಯ ಗೋಡೆ ನೇರ ಪಶ್ಚಿಮಕ್ಕಿತ್ತು ಎಂದಿಟ್ಟುಕೊಂಡರೂ ವ್ಯತ್ಯಾಸ 19 ಡಿಗ್ರಿ. ಅವಳ ಮದ್‌ಹಬ್‌ನ ಮಿತಿ 45. ಮುನ್ನೂರು ನಮಾಝಿನಲ್ಲಿ ಒಂದನ್ನೂ ಅವಳು ಮರಳಿ ಮಾಡಬೇಕಿಲ್ಲ ಎಂದು ನಮ್ಮ ಸಮಿತಿಯ ಕೋರಿಕೆಯ ಮೇಲೆ ಮುಫ್ತಿ ಸಾಹೇಬರು ಹೇಳಿದರು. ಬಿಟ್ಟ ಒಂದು ವಾರದ್ದು ಬೇರೆ ವಿಷಯ. ಅದನ್ನು ಕಝಾ ಮಾಡಿಕೊಳ್ಳಲು ಹೇಳಿದರು. ತಪ್ಪು ದಿಕ್ಕಿನ ಭಯ ತಂದಿಟ್ಟ ನಿಜವಾದ ನಷ್ಟ ಆ ವಾರ ಮಾತ್ರ.

ಮೂರು ಮೊಬೈಲು ಮೂರು ದಿಕ್ಕು ತೋರಿಸಿದ್ದೇಕೆ? ಆ್ಯಪಿನ ಲೆಕ್ಕ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಕೆಡುವುದು ಒಳಗಿನ ಕಾಂತೀಯ ದಿಕ್ಸೂಚಿ. ಕಬ್ಬಿಣದ ಮಂಚ, ಬೀರು, ಕಾಂಕ್ರೀಟಿನೊಳಗಿನ ಸರಳು, ಅಯಸ್ಕಾಂತವಿರುವ ಮೊಬೈಲ್ ಕವರ್, ಇವೆಲ್ಲ ಅದನ್ನು ಎಳೆಯುತ್ತವೆ. ಹಾಸ್ಟೆಲ್ ಕೋಣೆಯಲ್ಲಿ ಇವುಗಳಿಗೆ ಬರವಿಲ್ಲ. ಮಂಚದ ಮೇಲಿಟ್ಟು ನೋಡಬೇಡಿ, ಬಯಲಿಗೆ ಬಂದು ನೋಡಿ.

ದಿಕ್ಸೂಚಿಯೇ ಬೇಡದ ಒಂದು ವಿಧಾನವಿದೆ, ವಿಜ್ಞಾನ ಓದುವ ಮಕ್ಕಳು ಒಮ್ಮೆ ಮಾಡಿ ನೋಡಬೇಕು. ವರ್ಷಕ್ಕೆ ಎರಡು ಸಲ ಸೂರ್ಯ ಮಕ್ಕಾದ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ: ಮೇ 28ರ ಆಸುಪಾಸು ಮತ್ತು ಜುಲೈ 16ರ ಆಸುಪಾಸು. ಆ ಕ್ಷಣ ನಮ್ಮ ಗಡಿಯಾರದಲ್ಲಿ ಮೇ ತಿಂಗಳಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷ, ಜುಲೈಯಲ್ಲಿ 2 ಗಂಟೆ 57 ನಿಮಿಷ. ಆಗ ಸೂರ್ಯನಿರುವ ಕಡೆಯೇ ಕಿಬ್ಲಾ. ಸೂರ್ಯನನ್ನು ದಿಟ್ಟಿಸಬೇಡಿ. ಸಮತಟ್ಟಾದ ನೆಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಗೆರೆ ಎಳೆಯಿರಿ. ಆ ಗೆರೆ ಕೋಲಿನ ಕಡೆಗೆ ಎತ್ತ ಸಾಗುತ್ತದೋ ಅತ್ತ ಕಅಬಾ. ಒಂದೆರಡು ದಿನ ಹಿಂದುಮುಂದಾದರೂ ಕೆಲಸ ನಡೆಯುತ್ತದೆ. ಜುಲೈಯಲ್ಲಿ ಕರಾವಳಿಯವರಿಗೆ ಸೂರ್ಯ ಸಿಗುವುದು ಅಪರೂಪ, ಮೇ ತಿಂಗಳನ್ನೇ ನಂಬಿಕೊಳ್ಳುವುದು ವಾಸಿ.

ಈ ಲೆಕ್ಕದ ಹಿಂದೆ ದೊಡ್ಡ ಪರಂಪರೆಯಿದೆ. ಭಾರತದ ಬಗ್ಗೆ ಗ್ರಂಥ ಬರೆದ ಅಲ್ ಬಿರೂನಿ 1025ರಲ್ಲಿ ಮುಗಿಸಿದ 'ತಹ್‌ದೀದ್' ಎಂಬ ಕೃತಿಯಲ್ಲಿ ಊರುಗಳ ಸ್ಥಾನವನ್ನು ಅಳೆಯುವ ಬಗೆಯನ್ನು ವಿವರಿಸಿ, ಕೊನೆಗೆ ಘಝ್ನಿ ನಗರದ ಕಿಬ್ಲಾವನ್ನು ಲೆಕ್ಕ ಹಾಕಿ ತೋರಿಸಿದರು. ಮುಂದೆ ದೊಡ್ಡ ಮಸೀದಿಗಳಲ್ಲಿ ಮುವಕ್ಕಿತ್ ಎಂಬ ಹುದ್ದೆಯೇ ಬಂತು. ನಮಾಝಿನ ಸಮಯ ಮತ್ತು ದಿಕ್ಕನ್ನು ಗಣಿತದಿಂದ ಹೇಳುವುದು ಅವರ ಕೆಲಸ. ಹದಿನಾಲ್ಕನೆಯ ಶತಮಾನದ ದಮಾಸ್ಕಸ್‌ನಲ್ಲಿ ಉಮಯ್ಯದ್ ಮಸೀದಿಯ ಇಬ್ನ್ ಅಲ್ ಶಾತಿರ್ ಆ ಹುದ್ದೆಯಲ್ಲಿದ್ದ ಖಗೋಳ ವಿಜ್ಞಾನಿ. ಅವರ ಕಾಲದಲ್ಲೇ ಅಲ್ ಖಲೀಲಿ ಎಂಬವರು ಅಕ್ಷಾಂಶ ರೇಖಾಂಶ ಕೊಟ್ಟರೆ ಕಿಬ್ಲಾದ ಕೋನ ಸಿಗುವಂತೆ ಕೋಷ್ಟಕಗಳನ್ನೇ ತಯಾರಿಸಿದರು. ಇಂದು ಮೊಬೈಲ್ ಮಾಡುವುದು ಅದನ್ನೇ. ಮಗ ಬಿ.ಎಸ್ಸಿ. ಗಣಿತ ಓದಿದರೆ ದೀನಿಗೇನು ಪ್ರಯೋಜನ ಎಂದು ಕೇಳುವ ಹಿರಿಯರು ನಮ್ಮ ಸಂದರ್ಶನಗಳಲ್ಲಿ ಈಗಲೂ ಸಿಗುತ್ತಾರೆ. ಅವರಿಗಾಗಿ ಇಷ್ಟು ಬರೆದೆವು.

ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳುವುದು

ಕುರ್‌ಆನ್ ಸೂರಃ ಅನ್ನಹ್ಲ್‌ನ 43ನೇ ವಚನದಲ್ಲಿ, ಅರಿವಿಲ್ಲದಿದ್ದರೆ ಅರಿವುಳ್ಳವರಲ್ಲಿ ಕೇಳಬೇಕೆಂಬ ನಿರ್ದೇಶವಿದೆ. ಸರಳ ಮಾತು. ಆದರೆ ಅರಿವುಳ್ಳವರು ಯಾರು ಎಂಬಲ್ಲಿ ಇಂದಿನ ಮಕ್ಕಳು ದಿಕ್ಕು ತಪ್ಪುತ್ತಾರೆ.

ಮಾರ್ಗದರ್ಶನದ ಮೂಲ ಕುರ್‌ಆನ್ ಮತ್ತು ಸುನ್ನತ್. ಅವುಗಳಿಂದ ಇಜ್ಮಾ ಅಂದರೆ ವಿದ್ವಾಂಸರ ಒಮ್ಮತ, ಕಿಯಾಸ್ ಅಂದರೆ ಹೋಲಿಕೆಯ ತರ್ಕ, ಇವುಗಳ ಮೂಲಕ ವಿಧಿಗಳನ್ನು ಬಿಡಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ, ವರ್ಷಗಟ್ಟಲೆ ಓದಬೇಕು. ಕನ್ನಡದಲ್ಲಿ ಕುರ್‌ಆನ್ ಅನುವಾದಗಳು, ಹದೀಸ್ ಸಂಗ್ರಹಗಳು ಇಂದು ಸುಲಭವಾಗಿ ಸಿಗುತ್ತವೆ. ಪ್ರತಿ ಮನೆಯಲ್ಲೂ ಅವು ಇರಬೇಕು, ಓದಬೇಕು. ಆದರೆ ಒಂದು ಹದೀಸ್ ಓದಿ ಅಕ್ಕಪಕ್ಕದವರ ನಮಾಝ್ ಬಾತಿಲ್ ಎಂದು ಸಾರುವುದು ಓದಿನ ಫಲವಲ್ಲ.

ದಿನನಿತ್ಯದ ಪ್ರಶ್ನೆಗೆ ಮೊಹಲ್ಲಾದ ಮಸೀದಿಯ ಇಮಾಮರು, ಖತೀಬರು ಅಥವಾ ಮದ್ರಸದ ಉಸ್ತಾದರು ಸಾಕು. ತಲಾಕ್, ಆಸ್ತಿ ಪಾಲು, ಸಾಲ, ವಿಮೆ, ಝಕಾತ್‌ನಂಥ ಜಟಿಲ ವಿಷಯವಾದರೆ ಅವರೇ ಮುಫ್ತಿಗಳ ಕಡೆಗೋ ದಾರುಲ್ ಇಫ್ತಾಕ್ಕೋ ಕಳಿಸಿಕೊಡುತ್ತಾರೆ. ಒಳ್ಳೆಯ ಮುಫ್ತಿಯ ಗುರುತು ಏನು? ಉತ್ತರ ಕೊಡುವ ಮೊದಲು ಅವರು ನಿಮ್ಮನ್ನೇ ಪ್ರಶ್ನಿಸುತ್ತಾರೆ: ಯಾವ ಊರು, ಯಾವ ಮದ್‌ಹಬ್, ನಿಜವಾಗಿ ನಡೆದದ್ದೇನು, ಆಗಿಹೋಗಿದೆಯೋ ಮುಂದೆ ಮಾಡಬೇಕೆಂದಿದ್ದೀರೋ. ಫತ್ವಾ ಎಂದರೆ ಒಬ್ಬ ವ್ಯಕ್ತಿಯ ಒಂದು ಸನ್ನಿವೇಶಕ್ಕೆ ಕೊಟ್ಟ ಉತ್ತರ. ಕೈರೋದ ಒಬ್ಬರಿಗೆ ಕೊಟ್ಟ ಉತ್ತರವನ್ನು ಕತ್ತರಿಸಿ ಬಂಟ್ವಾಳದ ಗುಂಪಿನಲ್ಲಿ ಹಾಕಿದರೆ ಅದು ಬೇರೆಯವರ ಔಷಧಿ ಚೀಟಿಯನ್ನು ನಮ್ಮ ಮನೆಯ ರೋಗಿಗೆ ಹಿಡಿದಂತೆ. ನರ್ಸಿಂಗ್ ಹುಡುಗಿಗೆ ಈ ಹೋಲಿಕೆ ಕೂಡಲೇ ತಟ್ಟಿತು.

'ನನಗೆ ಗೊತ್ತಿಲ್ಲ' ಎನ್ನುವವರನ್ನು ಬಿಡಬೇಡಿ. ಇಮಾಮ್ ಮಾಲಿಕ್(ರ)ರಿಗೆ ಒಮ್ಮೆ 48 ಪ್ರಶ್ನೆ ಕೇಳಿದಾಗ 32ಕ್ಕೆ ಗೊತ್ತಿಲ್ಲವೆಂದೇ ಹೇಳಿದರೆಂದು ವರದಿಯಾಗಿದೆ. ಮೊಬೈಲಿನಲ್ಲಿ ಅಂಥ ಉತ್ತರ ಸಿಗುವುದು ಬಹಳ ಅಪರೂಪ.

ಫತ್ವಾ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡೋಣ. ಅದು ವಿದ್ವಾಂಸರ ಅಭಿಪ್ರಾಯ, ನ್ಯಾಯಾಲಯದ ಆದೇಶವಲ್ಲ. ಅದಕ್ಕೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಒತ್ತಾಯದಿಂದ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಸ್ಪಷ್ಟಪಡಿಸಿದೆ. ಕೇಳಿದವನು ಅಲ್ಲಾಹನ ಭಯದಿಂದ ಪಾಲಿಸುತ್ತಾನೆ, ಪೊಲೀಸರ ಭಯದಿಂದಲ್ಲ.

ಈಗ ಆ ಮಹಿಳೆಯರ ಸಾಲಿಗೆ ಮರಳೋಣ. ಯಾದಗಿರಿಯ ಹುಡುಗಿಗೆ "ಹತ್ತಿರದ ಮಸೀದಿಯಲ್ಲಿ ಕೇಳಬಹುದಿತ್ತಲ್ಲಾ?" ಎಂದು ಸಮಿತಿಯ ಹಿರಿಯರೊಬ್ಬರು ಸಹಜವಾಗಿಯೇ ಕೇಳಿದರು. ಅವಳು ತಲೆ ತಗ್ಗಿಸಿ, "ಗೇಟಿನವರೆಗೆ ಹೋಗಿದ್ದೆ ಸರ್. ಒಳಗೆ ಎಲ್ಲಿ ಹೋಗಬೇಕು, ಯಾರನ್ನು ಕರೆಯಬೇಕು ಗೊತ್ತಾಗಲಿಲ್ಲ. ವಾಪಸು ಬಂದೆ" ಎಂದಳು. ನಾವು ಯಾರೂ ಮಾತಾಡಲಿಲ್ಲ. ಹುಡುಗನಾಗಿದ್ದರೆ ಮಗ್ರಿಬ್ ಮುಗಿದ ಮೇಲೆ ಇಮಾಮರ ಬಳಿ ಎರಡು ನಿಮಿಷ ಕುಳಿತು ಕೇಳಿ ಬರುತ್ತಿದ್ದ. ಮಹಿಳೆಯರ ಮಸೀದಿ ಪ್ರವೇಶದ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಆ ಚರ್ಚೆಗೆ ಈ ವರದಿ ಜಾಗವಲ್ಲ. ಆದರೆ ಪ್ರಶ್ನೆ ಕೇಳುವ ಹಕ್ಕಿನ ಬಗ್ಗೆ ಎರಡು ಅಭಿಪ್ರಾಯಗಳಿಲ್ಲ. ಅನ್ಸಾರಿ ಮಹಿಳೆಯರು ದೀನನ್ನು ತಿಳಿಯುವುದರಲ್ಲಿ ನಾಚಿಕೆಯನ್ನು ಅಡ್ಡ ಬರಗೊಡಲಿಲ್ಲ ಎಂದು ಹಝ್ರತ್ ಆಯಿಶಾ(ರ) ಮೆಚ್ಚಿಕೊಂಡಿದ್ದಾರೆ. ಅವರನ್ನೇ ದೊಡ್ಡ ದೊಡ್ಡ ಸಹಾಬಿಗಳು ಬಂದು ಪ್ರಶ್ನೆ ಕೇಳುತ್ತಿದ್ದರು. ಸಾವಿರಾರು ಹೆಣ್ಣುಮಕ್ಕಳು ಓದುವ ನಗರದಲ್ಲಿ ಅವರು ಬಂದು ಕೇಳಲು ಒಂದು ಸಮಯ, ಒಂದು ಬಾಗಿಲು, ಸಾಧ್ಯವಾದರೆ ಒಬ್ಬ ಆಲಿಮಾ ಇಲ್ಲದಿದ್ದರೆ, ಅವರು ವಾಟ್ಸ್‌ಆ್ಯಪನ್ನು ಕೇಳಿದರೆಂದು ಬೈಯುವುದು ನ್ಯಾಯವಲ್ಲ. ಜಮಾಅತ್ ಕಮಿಟಿಗಳಲ್ಲಿರುವ ನಮ್ಮ ದಾನಿಗಳು ಇದನ್ನು ಮುಂದಿನ ಸಭೆಯಲ್ಲಿ ಎತ್ತಬೇಕೆಂದು ವಿನಂತಿ.

ನಾವೂ ಕೇಳಿದವರೇ

ಈ ಸಂಸ್ಥೆಯೂ ಪ್ರತಿವರ್ಷ ಕೇಳುವ ಸಾಲಿನಲ್ಲಿ ನಿಲ್ಲುತ್ತದೆ. ಝಕಾತ್ ಯಾರಿಗೆ ಸಲ್ಲಬೇಕೆಂದು ಸೂರಃ ಅತ್ತೌಬದ 60ನೇ ವಚನ ಎಂಟು ವರ್ಗಗಳನ್ನು ಹೆಸರಿಸುತ್ತದೆ. ವಿದ್ಯಾರ್ಥಿ ಎಂಬ ಪದ ಅಲ್ಲಿಲ್ಲ. ಬಡವ, ನಿರ್ಗತಿಕ ಎಂಬ ಪದಗಳಿವೆ. ಆದ್ದರಿಂದ ಅಂಕ ಎಷ್ಟೇ ಇರಲಿ, ಝಕಾತ್ ನಿಧಿಯಿಂದ ಕೊಡುವಾಗ ನಾವು ಮೊದಲು ನೋಡುವುದು ಬಡತನವನ್ನು. ನಮ್ಮ ಹನಫೀ ಲೆಕ್ಕದಲ್ಲಿ ನಿಸಾಬ್ ಎಂದರೆ ಏಳೂವರೆ ತೊಲ, ಅಂದರೆ 87.48 ಗ್ರಾಂ ಚಿನ್ನ, ಅಥವಾ ಐವತ್ತೆರಡೂವರೆ ತೊಲ, ಅಂದರೆ 612.36 ಗ್ರಾಂ ಬೆಳ್ಳಿ. ಅಗತ್ಯಗಳನ್ನು ಕಳೆದು ಆ ಬೆಲೆಯ ಸೊತ್ತು ಉಳಿಯುವವರು ಝಕಾತ್ ಪಡೆಯುವಂತಿಲ್ಲ. ಅರ್ಜಿಯಲ್ಲಿ ಮನೆಯ ಒಡವೆಯ ಬಗ್ಗೆ ಕೇಳುವುದು ಇದಕ್ಕೇ ಹೊರತು ಅನುಮಾನದಿಂದಲ್ಲ.

ಇನ್ನೊಂದು ವಿಷಯ ತಮ್ಲೀಕ್. ಝಕಾತ್ ಬಡವನ ಸ್ವಾಧೀನಕ್ಕೆ ಬರಬೇಕು, ಅವನು ಅದರ ಒಡೆಯನಾಗಬೇಕು ಎಂಬುದು ಹನಫೀ ಷರತ್ತು. ಕಾಲೇಜಿಗೆ ನಾವೇ ನೇರವಾಗಿ ಶುಲ್ಕ ಕಟ್ಟಿದರೆ ಅದು ನೆರವೇರುತ್ತದೆಯೇ ಎಂದು ಕೇಳಿದಾಗ, ವಿದ್ಯಾರ್ಥಿಯ ಖಾತೆಗೇ ಹಾಕಿ, ಇಲ್ಲವೇ ತನ್ನ ಪರವಾಗಿ ಪಡೆದು ಕಟ್ಟಲು ವಿದ್ಯಾರ್ಥಿಯಿಂದ ಒಪ್ಪಿಗೆ ಬರೆಸಿಕೊಳ್ಳಿ ಎಂಬ ಉತ್ತರ ಬಂತು. ಅರ್ಜಿಯ ಕೊನೆಯಲ್ಲಿರುವ ಸಹಿ ಅದೇ. ಪ್ರವಾದಿ(ಸ)ರ ವಂಶಸ್ಥರಾದ ಸಯ್ಯಿದ್ ಕುಟುಂಬಗಳಿಗೆ ಝಕಾತ್ ಸಲ್ಲುವುದಿಲ್ಲ. ಅವರ ಮಕ್ಕಳಿಗೆ ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದಲೇ ಕೊಡುತ್ತೇವೆ. ಎರಡೂ ನಿಧಿಗಳ ಲೆಕ್ಕ ಬೇರೆ ಬೇರೆ ಇರುವುದು ಈ ಕಾರಣಕ್ಕೆ. ದಾನಿಗಳು ರಸೀದಿ ಪಡೆಯುವಾಗ ಝಕಾತೋ ಸದಕಾವೋ ಎಂದು ತಪ್ಪದೆ ಬರೆಸಿ. ಬರೆಸದೇ ಬಂದ ಹಣವನ್ನು ಎತ್ತ ಹಾಕುವುದೆಂದು ಪ್ರತಿಸಲ ಫೋನು ಮಾಡಿ ಕೇಳಬೇಕಾಗುತ್ತದೆ. ಶಾಫಿಈ ದಾನಿಗಳು, ಝಕಾತನ್ನು ಬೇರೆ ಊರಿಗೆ ಕಳಿಸುವ ಬಗ್ಗೆ ತಮ್ಮ ಖತೀಬರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇದರಲ್ಲಿ ಆ ಮದ್‌ಹಬ್‌ನ ನಿಲುವು ಬಿಗಿಯಾಗಿದೆ.

ಕಿಬ್ಲಾದ ವಚನಗಳ ನಂತರ, ಸೂರಃ ಅಲ್ ಬಕರದ 177ನೇ ವಚನ ಬರುತ್ತದೆ. ಮುಖವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸುವುದಷ್ಟೇ ಪುಣ್ಯವಲ್ಲ ಎಂದು ಆರಂಭವಾಗುವ ಅದರ ಆಶಯ, ವಿಶ್ವಾಸದ ಜೊತೆಗೇ ಬಂಧುಗಳಿಗೆ, ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ ಪ್ರೀತಿಯ ಸೊತ್ತನ್ನು ಕೊಡುವುದನ್ನೂ ನಮಾಝನ್ನೂ ಝಕಾತನ್ನೂ ಒಟ್ಟಿಗೇ ಹೇಳುತ್ತದೆ. ಹುಡುಗಿಗೆ ಆ ದಿನ ನಮ್ಮ ಕಚೇರಿಯ ಕನ್ನಡ ಅನುವಾದದಲ್ಲಿ ಈ ಪುಟವನ್ನು ತೆರೆದು ಓದಲು ಕೊಟ್ಟೆವು.

ಅವಳಿಗೆ ವಿದ್ಯಾರ್ಥಿವೇತನ ಮಂಜೂರಾಯಿತು. ಮೇ ಕೊನೆಯ ವಾರ ಒಂದು ಫೋಟೋ ಕಳಿಸಿದ್ದಳು: ಹಾಸ್ಟೆಲಿನ ತಾರಸಿ, ನಡುವೆ ಒರೆಸುವ ಕೋಲು ನಿಲ್ಲಿಸಿ ಹಿಡಿದ ಜೊತೆಗಾತಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ. ಆಮೇಲೆ ಕೋಣೆಯೊಳಗೂ ಅದೇ ಗೆರೆಯನ್ನು ಗುರುತು ಮಾಡಿಕೊಂಡು, ಕಬ್ಬಿಣದ ಮಂಚವನ್ನು ಸರಿಸಿ ಮೂವರ ಮುಸಲ್ಲಾಗಳಿಗೂ ಜಾಗ ಮಾಡಿದ್ದಾರಂತೆ.

ಮುಂದಿನ ಸಾಲಿನ ಅರ್ಜಿ ನಮೂನೆ ಈ ವರದಿಯ ಜೊತೆಗಿದೆ. ಕೊನೆಯ ಪುಟದಲ್ಲಿ 'ಕೇಳುವುದಿದ್ದರೆ ಇಲ್ಲಿ ಬರೆಯಿರಿ' ಎಂಬ ಖಾಲಿ ಜಾಗವನ್ನು ಈ ವರ್ಷ ಸ್ವಲ್ಪ ದೊಡ್ಡದು ಮಾಡಿದ್ದೇವೆ.